ಪ್ರಶಸ್ತಿಯೂ ಪತ್ರವೂ

ಶಿಕಾರಿಪುರದಲ್ಲಿರುವ ಹನ್ನೊಂದನೆಯ ಶತಮಾನದ ಒಂದು ಕನ್ನಡ ಶಾಸನವು, ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳೆಂದು ದಕ್ಷಿಣಾಪಥದಲ್ಲೆಲ್ಲ ಹೆಸರಾಗಿದ್ದ ವರ್ತಕ ಸಮುದಾಯದ ಪ್ರಶಸ್ತಿಯನ್ನು ಬಹು ದೀರ್ಘವಾಗಿ ಹಾಡುತ್ತದೆ. ಅವರು ಚೇರ, ಚೋಳ, ಪಾಂಡ್ಯ ದೇಶಗಳಿಂದ ಹಿಡಿದು ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ನೇಪಾಳಗಳವರೆಗೆ ಜಲಮಾರ್ಗ ಸ್ಥಲಮಾರ್ಗಗಳಲ್ಲಿ ಸಂಚರಿಸಿದುದನ್ನೂ, ಆನೆ ಕುದುರೆಗಳನ್ನು, ನೀಲ ಮುತ್ತು ವಜ್ರಗಳನ್ನು, ಏಲಕ್ಕಿ ಲವಂಗ ಶ್ರೀಗಂಧ ಕರ್ಪೂರ ಕಸ್ತೂರಿಗಳನ್ನು ಕೊಂಡು ಮಾರಿದುದನ್ನೂ, ವೀರಬಣಂಜು ಧರ್ಮವನ್ನು ಪರಿಪಾಲಿಸಿದುದನ್ನೂ ಅದು ಒಂದೊಂದಾಗಿ ಎಣಿಸಿ ಹೇಳುತ್ತದೆ. ರಾಜರಿಗೂ ಸಾಮಂತರಿಗೂ ಮೀಸಲಾಗಿದ್ದ ಬಿರುದಾವಳಿಯ ವಾಕ್ಸರಣಿಯನ್ನು ವರ್ತಕರು ತಮಗೆಂದು ಬಳಸಿಕೊಂಡು, ದೇವಾಲಯದ ಮುಂದೆ, ಹತ್ತು ಜನ ನಡೆದಾಡುವ ಎಡೆಯಲ್ಲಿ, ತಾವು ಯಾರು, ತಮ್ಮ ಧರ್ಮವೇನು, ತಾವು ಕೊಟ್ಟ ದಾನವೇನು ಎಂಬುದನ್ನು ಕಲ್ಲಿನಲ್ಲಿ ಬರೆಯಿಸಿ ನಿಲ್ಲಿಸಿದ ಇಂಥ ಶಾಸನಗಳು ಕರ್ನಾಟಕದಲ್ಲಿ ಅಲ್ಲಲ್ಲಿ ದೊರೆತಿವೆ. ವ್ಯಾಪಾರಸ್ಥರು ಲೋಕವನ್ನು ಕುರಿತು ತಮ್ಮ ಮಾತಿನಲ್ಲಿ ತಮ್ಮನ್ನು ನಿವೇದಿಸಿಕೊಂಡುದಕ್ಕೆ ನಮ್ಮ ನಾಡಿನಲ್ಲಿ ಉಳಿದಿರುವ ಹಳೆಯ ನಿದರ್ಶನಗಳು ಇವೇ ಎಂದು ನಾನು ತಿಳಿದಿರುವೆನು.

ಈ ಪ್ರಶಸ್ತಿಗಳನ್ನು ಹಗುರವಾಗಿ ಕಾಣಬಾರದು. ಪರಸ್ಥಳದಿಂದ ಹೇರು ಎತ್ತುಗಳನ್ನು ಹೊಡೆದುಕೊಂಡು ಬಂದವನ ಮಾತನ್ನು ನಂಬಿ ಸರಕು ಕೊಡುವ ಊರಿನವರಿಗೆ, ಆ ಮನುಷ್ಯನ ಹಿಂದೆ ಒಂದು ಸಂಘವುಂಟು, ಆ ಸಂಘಕ್ಕೆ ಒಂದು ಕಟ್ಟುಪಾಡುಂಟು, ಅದನ್ನು ಮೀರಿದವನನ್ನು ಸಂಘವೇ ದಂಡಿಸುವುದುಂಟು ಎಂಬ ಭರವಸೆ ಬೇಕಾಗಿತ್ತು. ಆ ಭರವಸೆಯನ್ನು ಶಿಲೆ ಕೊಟ್ಟಿತು. ಆದರೆ ಎಷ್ಟೇ ಆದರದಿಂದ ಓದಿದರೂ ಇವುಗಳಲ್ಲಿ ಒಂದು ಸಂಗತಿ ಮಾತ್ರ ಎಲ್ಲಿಯೂ ಕಾಣಬರುವುದಿಲ್ಲ. ಕಡಲಲ್ಲಿ ಮುಳುಗಿದ ಹಡಗು, ಘಟ್ಟದಲ್ಲಿ ದರೋಡೆಯಾದ ಹೇರು, ಕೊಳ್ಳುವವರಿಲ್ಲದೆ ಲಾಯದಲ್ಲಿ ನಿಂತು ಮೇವು ತಿಂದ ಕುದುರೆ, ಮುಂಗಡ ಪಡೆದು ಮಾತಿಗೆ ತಪ್ಪಿದ ಪಾಲುಗಾರ, ಇವುಗಳಲ್ಲಿ ಯಾವುದರ ಸುದ್ದಿಯೂ ಕಲ್ಲಿನ ಮೇಲೆ ಏರಲಿಲ್ಲ. ಇಂಥವುಗಳಿಲ್ಲದೆ ವ್ಯಾಪಾರ ನಡೆದಿರಲಾರದು. ಪ್ರಶಸ್ತಿ ಅವನ್ನು ಹೇಳುವ ಜಾಗವಾಗಿರಲಿಲ್ಲ, ಅಷ್ಟೆ. ಅದನ್ನು ರಚಿಸಿದವನು ಬಿರುದುಗಳನ್ನು ಪೋಣಿಸಬಲ್ಲ ಕವಿ. ಸರಕು ಹೊತ್ತ ವರ್ತಕನು ತಾನೇ ಕೂತು ಬರೆದುದಲ್ಲ.

ಕೇವಲ ಒಂದು ಶತಮಾನದಷ್ಟು ಈಚಿನದಾದ ಇನ್ನೊಂದು ಬಗೆಯ ಬರಹವು, ನಮ್ಮ ಕರಾವಳಿಗೆ ಸಂಬಂಧಿಸಿದುದಾದರೂ ನಮ್ಮಲ್ಲಿ ಉಳಿಯದೆ, ದೂರದ ಈಜಿಪ್ಟಿನಲ್ಲಿ ಉಳಿದು ಬಂದಿತು. ಹಳೆಯ ಕೈರೋ ನಗರದ ಫುಸ್ತಾತ್ ಎಂಬಲ್ಲಿ ಬೆನ್ ಎಜ್ರಾ ಎಂಬ ಯೆಹೂದ್ಯರ ಪ್ರಾರ್ಥನಾಮಂದಿರವಿದೆ. ದೇವರ ನಾಮವಿರಬಹುದಾದ ಯಾವ ಕಾಗದವನ್ನೂ ಹರಿದೆಸೆಯಬಾರದೆಂಬ ಶ್ರದ್ಧೆಯಿಂದ ಆ ಜನ ತಮ್ಮ ಹಳೆಯ ಕಾಗದಪತ್ರಗಳನ್ನು ತಲೆತಲಾಂತರದಿಂದ ಅಲ್ಲಿಯ ಒಂದು ಕೋಣೆಯಲ್ಲಿ ಹಾಕುತ್ತ ಬಂದಿದ್ದರು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಆ ರಾಶಿಯ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಮುಂದೆ ಗೊಯಿಟೈನ್ ಎಂಬ ಪಂಡಿತರು ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸೇರಿದ ಪತ್ರಗಳನ್ನು ಆ ರಾಶಿಯಿಂದ ಒಂದೊಂದಾಗಿ ಹೆಕ್ಕಿ ಓದಿದಾಗ, ಟುನೀಸಿಯದ ಮಹ್ದಿಯಾ ಪಟ್ಟಣದವನಾದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು 1132ರಿಂದ 1149ರ ವರೆಗೆ ನಮ್ಮ ಮಂಗಳೂರಿನಲ್ಲಿ ನೆಲಸಿ, ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳ ವ್ಯಾಪಾರ ಮಾಡುತ್ತಲೂ, ಹಿತ್ತಾಳೆ ಕಂಚುಗಳ ಪಾತ್ರೆ ಎರಕ ಹೊಯ್ಯಿಸುವ ಒಂದು ಕಾರ್ಖಾನೆಯನ್ನು ನಡೆಸುತ್ತಲೂ ಇದ್ದ ವೃತ್ತಾಂತ ಬೆಳಕಿಗೆ ಬಂದಿತು. ಆಶು ಎಂಬ ಸ್ತ್ರೀಯನ್ನು ಅವನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿಯೇ ಬರೆದುದು. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸಿ ಬರುತ್ತಿದ್ದ ಬೊಮ್ಮನೆಂಬ ಆಳಿನ ಜಾಡನ್ನು ಹಿಡಿದು ಅಮಿತಾವ್ ಘೋಷರು 1992ರಲ್ಲಿ ಒಂದು ಗ್ರಂಥವನ್ನೇ ಬರೆದರು. ಆ ಶೋಧದಲ್ಲಿ ಅವರಿಗೆ ನೆರವಾದವರಲ್ಲಿ ನಮ್ಮ ಬಿ. ಎ. ವಿವೇಕ ರೈಯವರೂ ಒಬ್ಬರು.

ಬೆನ್ ಯಿಜುವಿಗೆ ಏಡನ್ನಿನಿಂದ ಪತ್ರ ಬರೆಯುತ್ತಿದ್ದವರು ಮೂವರು ಮುಖ್ಯರು: ಅಲ್ಲಿಯ ವರ್ತಕರ ಮುಖಂಡನಾದ ಮದ್ಮೂನ್, ಖಲಫ್ ಇಬ್ನ್ ಇಸ್‌ಹಾಕ್, ಯೂಸುಫ್ ಇಬ್ನ್ ಅಬ್ರಹಾಂ. ಇವರು ಮಂಗಳೂರಿನ ಸರಕನ್ನು ಏಡನ್ನಿನಲ್ಲಿ ಇಳಿಸಿಕೊಂಡು ಮಾರಿ, ಬಂದ ಹಣದಲ್ಲಿ ಅವನಿಗೆ ಬೇಕಾದ ವಸ್ತುಗಳನ್ನು ಕೊಂಡು ಕಳುಹಿಸುವರು. ಇವರಿಗೆ ಬೇಕಾದುದನ್ನು ಅವನು ಇಲ್ಲಿ ಕೊಂಡು ಹಡಗಿಗೆ ಹಾಕುವನು. ಒಡೆದ ತಾಮ್ರದ ಪಾತ್ರೆಗಳನ್ನು ಕಟ್ಟಿ ಕಳುಹಿಸಿ, ಇವನ್ನು ಕರಗಿಸಿ ಇಂಥ ಆಕಾರದ, ಇಷ್ಟು ತೂಕದ ಪಾತ್ರೆಗಳನ್ನು ಮಾಡಿಸಿಕೊಡಬೇಕೆಂದು ಏಡನ್ನಿನಿಂದ ಕೇಳಿ ಬರೆದ ಪತ್ರಗಳೂ ಇವೆ. ಇವರ ನಡುವೆ ದಳ್ಳಾಳಿ ರುಸುಮಿನ ಮಾತಿಲ್ಲ. ನನ್ನ ಕೆಲಸವನ್ನು ನೀನು ಮಾಡು, ನಿನ್ನ ಕೆಲಸವನ್ನು ನಾನು ಮಾಡುವೆನು ಎಂಬ ಸ್ನೇಹಧರ್ಮವೇ ಬಂಡವಾಳ. ಏಡನ್ನಿಗೂ ಮಂಗಳೂರಿಗೂ ಸಮಾನವಾಗಿ ಅಧಿಕಾರ ನಡೆಸುವ ರಾಜನಾಗಲಿ ನ್ಯಾಯಸ್ಥಾನವಾಗಲಿ ಇರಲಿಲ್ಲ. ನಡುವೆ ಕಡಲು, ಮಾರುತಗಳು ತಿರುಗಿದಾಗ ಮಾತ್ರ ಹಡಗಿಗೆ ದಾರಿ. ಆದುದರಿಂದ ವರ್ಷಕ್ಕೊಂದು ಋತುವಿನಲ್ಲಿ ಬರುವ ಪತ್ರವೇ ಲೆಕ್ಕಪತ್ರ, ಅದೇ ಸಾಕ್ಷಿ, ಅದೇ ಪ್ರಮಾಣ.

ಈ ಪತ್ರಗಳಲ್ಲಿ ಖಲಫನು ಬರೆದ ಒಂದನ್ನು ನಾನು ಬಹಳ ಮೆಚ್ಚುವೆನು. ಮಂಗಳೂರಿನಿಂದ ಬಂದ ಸರಕಿನಲ್ಲಿ ಯಾವ ಹಡಗಿನಲ್ಲಿದ್ದುದು ಕೈಸೇರಿತು, ಅದರ ತೂಕವೆಷ್ಟು ಎಂಬುದನ್ನು ಮೊದಲು ಹೇಳಿ, ಆಮೇಲೆ ಅವನು ಇನ್ನೊಂದು ಹಡಗು ಅಪಘಾತಕ್ಕೆ ಸಿಕ್ಕಿ ಮುಳುಗಿದುದನ್ನೂ, ಅದರಲ್ಲಿದ್ದ ಮೆಣಸೆಲ್ಲ ಸಮುದ್ರಪಾಲಾದುದನ್ನೂ, ಮುಳುಗುಗಾರರು ಇಳಿದು ಕಬ್ಬಿಣದಲ್ಲಿ ಅರ್ಧದಷ್ಟನ್ನು ಮೇಲೆತ್ತಿದುದನ್ನೂ ತಿಳಿಸುತ್ತಾನೆ. ಮಂಗಳೂರಿನಲ್ಲಿ ಕೂತವನಿಗೆ ಆ ದೂರದ ಕಡಲತಳವನ್ನು ನೋಡುವ ಸಾಧ್ಯತೆಯಿಲ್ಲ. ಕಬ್ಬಿಣವೂ ಪೂರಾ ಹೋಯಿತೆಂದು ಬರೆದಿದ್ದರೆ ಅದನ್ನು ಸುಳ್ಳೆಂದು ಸಾಧಿಸುವವರು ಯಾರೂ ಇರಲಿಲ್ಲ. ಆದರೂ ಹೋದುದಿಷ್ಟು, ಉಳಿದುದಿಷ್ಟು ಎಂದು ಅವನು ಬರೆದನು. ಅವರಿಬ್ಬರ ವ್ಯವಹಾರ ಮುಂದೆಯೂ ನಡೆಯಿತು. ಪತ್ರಗಳಲ್ಲಿ ಹಡಗಿನ ಒಡೆಯನಾಗಿ ಕಾಣಿಸಿಕೊಳ್ಳುವ ಪಟ್ಟಣಸ್ವಾಮಿಯು ನಮ್ಮ ಶಾಸನಗಳಿಂದ ನಮಗೆ ಪರಿಚಿತನಾದ ವರ್ತಕಶ್ರೇಷ್ಠನೇ. ಶಿಲೆಯ ಮೇಲೆ ಬಿರುದು ಧರಿಸಿ ನಿಂತ ಅಂಥವರ ಹಡಗುಗಳೂ ಅಲೆಗಳಿಗೆ ಸಿಕ್ಕಿ ಒಡೆಯುತ್ತಿದ್ದುವೆಂಬುದನ್ನು ನಾವು ತಿಳಿಯಬೇಕಾದರೆ ಇಂಥ ಪತ್ರಗಳಿಗೇ ಹೋಗಬೇಕಾಯಿತು.

ಇನ್ನೊಂದು ಪ್ರಕರಣ ಏಲಕ್ಕಿಯದು. ಏಲಕ್ಕಿ ತಂದುಕೊಡುವೆನೆಂದು ಮುಂಗಡ ಹಣ ತೆಗೆದುಕೊಂಡ ಇಲ್ಲಿಯ ಒಬ್ಬ ಕಾರದಾರನು, ಎಂದರೆ ವ್ಯವಹಾರದ ಕಾರಭಾರಿಯು, ಏಲಕ್ಕಿಯನ್ನೂ ಕೊಡದೆ ಹಣವನ್ನೂ ಮರಳಿಸದೆ ಇದ್ದುದರಿಂದ, ಏಡನ್ನಿನ ಪಾಲುಗಾರರ ಹಣ ಸಿಕ್ಕಿಬಿದ್ದಿತು. ಆ ವಿಷಯ ಒಂದು ಪತ್ರದಲ್ಲಿ ಮುಗಿಯಲಿಲ್ಲ. ವರ್ಷದ ಮೇಲೆ ವರ್ಷ ಅದು ತಿರುತಿರುಗಿ ಬಂದಿತು, ಅವನನ್ನು ನಾಲ್ಕು ಜನರ ನಡುವೆ ಅಪಮಾನಪಡಿಸುವುದಾಗಿ ಹೆದರಿಸಿ ನೋಡಬಾರದೇಕೆ ಎಂಬ ಸಲಹೆಯೂ ಏಡನ್ನಿನಿಂದ ಬಂದಿತು. ಬೆನ್ ಯಿಜು ಈ ಬಾಕಿಯನ್ನು ಲೆಕ್ಕದಿಂದ ಅಳಿಸಿ ಮೌನ ತಾಳಲಿಲ್ಲ, ಅತ್ತಲಿನವರು ಮರೆತಂತೆ ನಟಿಸಲಿಲ್ಲ. ಸ್ನೇಹ ಮಾತ್ರ ಹದಿನೇಳು ವರ್ಷವೂ ಕೆಡದೆ ಉಳಿಯಿತು. ಇವರ ಪತ್ರವ್ಯವಹಾರಕ್ಕೆ ಬೇಕಾದ ಕಾಗದವೂ ಏಡನ್ನಿನಿಂದಲೇ ಬರಬೇಕಾಗಿತ್ತು. ಸಕ್ಕರೆ, ಒಣದ್ರಾಕ್ಷಿಗಳ ಉಡುಗೊರೆಯ ಜೊತೆಗೆ ಬಿಳಿಯ ಕಾಗದದ ಹಾಳೆಗಳನ್ನು ಅವರು ಮರೆಯದೆ ಕಳುಹಿಸುತ್ತಿದ್ದರು. ಅವನೋ ಬಂದ ಪತ್ರಗಳ ಬೆನ್ನಿನ ಮೇಲೆಯೇ ಲೆಕ್ಕ ಬರೆದು, ಕರಡು ಬರೆದು, ಅಂಗೈಯಗಲ ಜಾಗವನ್ನೂ ವ್ಯರ್ಥಮಾಡುತ್ತಿರಲಿಲ್ಲ. ಅವನಿಂದ ಪತ್ರ ಬರುತ್ತಲೇ ಇರಬೇಕೆಂದು ಇಷ್ಟು ಶ್ರಮಪಟ್ಟು ಕಾಗದವನ್ನು ಒದಗಿಸಿದ ಆ ಸ್ನೇಹಿತರ ವಿವೇಕವನ್ನು ಇಂದಿನ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು.

ಪತ್ರ ಬರೆಯುವ ಇದೇ ಅಭ್ಯಾಸವನ್ನು ಒಬ್ಬ ಮನುಷ್ಯನು ಎಷ್ಟು ದೂರ ಒಯ್ಯಬಲ್ಲನೆಂಬುದನ್ನು ಇಟಲಿಯ ಪ್ರಾಟೊ ಪಟ್ಟಣದ ಫ್ರಾಂಚೆಸ್ಕೊ ದಾತಿನಿಯು ತೋರಿಸಿದನು. 1348ರ ಮಹಾಮಾರಿಯಲ್ಲಿ ತಂದೆ ತಾಯಿಗಳನ್ನು ಕಳೆದುಕೊಂಡು, ಹುಡುಗನಾಗಿಯೇ ಅವಿನ್ಯೋನಿಗೆ ಹೋಗಿ, ಅಲ್ಲಿ ವ್ಯಾಪಾರದಲ್ಲಿ ಮೇಲೆ ಬಂದ ಇವನು, ಪೀಸಾ, ಜಿನೋವಾ, ಫ್ಲಾರೆನ್ಸ್, ಬಾರ್ಸಿಲೋನಾ, ವಲೆನ್ಸಿಯಾ, ಮಯೋರ್ಕಾಗಳಲ್ಲಿ ಕೋಠಿಗಳನ್ನು ತೆರೆದು, ಅವೆಲ್ಲವನ್ನೂ ಪತ್ರಮುಖೇನವೇ ಆಳಿದನು. ರಾತ್ರಿಯೆಲ್ಲ ಕೂತು ಬರೆಯುತ್ತಿದ್ದ ಅವನ ಆರೋಗ್ಯಕ್ಕಾಗಿ ಸ್ನೇಹಿತನಾದ ಲಾಪೊ ಮಾತ್ಸೇಯಿ ಚಿಂತಿಸುತ್ತಿದ್ದನು. ಹೆಂಡತಿಯಾದ ಮಾರ್ಗೆರೀತಾ, ಗಂಡನಿಗೆ ತನ್ನ ಮಾತನ್ನು ಇತರರ ಕೈಯಿಂದ ಬರೆಯಿಸುವುದು ಸಾಲದೆಂದು ಪ್ರೌಢವಯಸ್ಸಿನಲ್ಲಿ ಅಕ್ಷರ ಬರೆಯಲು ಕಲಿತಳು. 1410ರಲ್ಲಿ ಅವನು ತೀರಿಕೊಂಡಾಗ ತನ್ನ ಆಸ್ತಿಯನ್ನು ಊರಿನ ಬಡವರ ಧರ್ಮಸಂಸ್ಥೆಗೆ ಬಿಟ್ಟಂತೆಯೇ, ಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಕಾಪಾಡಬೇಕೆಂದು ವಿಧಿಸಿ ಹೋದನು. ಮೆಟ್ಟಿಲ ಸಂದಿಯಲ್ಲಿ ಚೀಲಗಳಲ್ಲಿ ತುಂಬಿದ್ದ ಅವು 1870ರಲ್ಲಿ ಹೊರಬಂದಾಗ ಪತ್ರಗಳೇ ಸುಮಾರು 1,50,000 ಇದ್ದುವು. ಆದರೂ ಇವು, ಏಡನ್ನಿನ ಪತ್ರಗಳಂತೆಯೇ, ಪರಸ್ಪರ ಬಲ್ಲವರ ನಡುವಣ ಮಾತುಗಳು. ಊರಿನ ಜನಕ್ಕೆ ಅವುಗಳಲ್ಲಿ ಪ್ರವೇಶವಿರಲಿಲ್ಲ.

ಶಿಲಾಶಾಸನವು ಎಲ್ಲರಿಗೂ ಕಾಣುವಂಥದು, ಆದರೆ ಒಂದು ಸಲ ಕೆತ್ತಿದ ಮೇಲೆ ಮುಗಿಯಿತು, ಅದರಲ್ಲಿ ನಷ್ಟಕ್ಕೆ ಎಡೆಯಿಲ್ಲ; ಪತ್ರವು ಋತುಋತುವಿಗೂ ಬರುವಂಥದು, ನಷ್ಟವನ್ನೂ ಹೇಳುವಂಥದು, ಆದರೆ ಇಬ್ಬರ ಕಣ್ಣಿಗೆ ಮಾತ್ರ. ಇವೆರಡೂ ಒಂದೆಡೆ ಸೇರಬೇಕಾದ ಅವಶ್ಯಕತೆ ಹುಟ್ಟಿದುದು, ಒಡೆಯನ ಮುಖವನ್ನೇ ಕಾಣದ ಸಾವಿರಾರು ಜನ ತಮ್ಮ ಉಳಿತಾಯವನ್ನು ಒಂದು ಕಂಪನಿಯಲ್ಲಿ ಹೂಡುವ ಕಾಲ ಬಂದಾಗ. ಇಂಗ್ಲೆಂಡಿನಲ್ಲಿ 1844ರ ಕಾಯಿದೆಯು ಷೇರುದಾರರ ಮುಂದೆ ಆಸ್ತಿ ಜವಾಬ್ದಾರಿಗಳ ತಖ್ತೆಯನ್ನು ಇಡಬೇಕೆಂದು ವಿಧಿಸಿತು. ಹನ್ನೆರಡು ವರ್ಷಗಳ ಮೇಲೆ ಬಂದ ಇನ್ನೊಂದು ಕಾಯಿದೆ ಆ ಬಿಗಿಯನ್ನು ಸಡಿಲಿಸಿತು. ಅಮೆರಿಕದಲ್ಲಿಯಂತೂ ಮೌನವೇ ಘನತೆಯ ಲಕ್ಷಣವೆಂದು ಬಹುಕಾಲ ಎಣಿಸಲ್ಪಟ್ಟಿತ್ತು. 1866ರಲ್ಲಿ ನ್ಯೂಯಾರ್ಕಿನ ಷೇರುಪೇಟೆಯವರು ಡೆಲವೇರ್ ಲ್ಯಾಕವಾನ ರೈಲ್ವೆ ಕಂಪನಿಯನ್ನು ಅದರ ಆರ್ಥಿಕ ಸ್ಥಿತಿಯ ವಿವರ ಕೊಡಿರೆಂದು ಕೇಳಲು, ತಾವು ವರದಿಗಳನ್ನಾಗಲಿ ಹೇಳಿಕೆಗಳನ್ನಾಗಲಿ ಪ್ರಕಟಿಸುವ ಪದ್ಧತಿಯಿಲ್ಲವೆಂದೂ, ಕಳೆದ ಐದು ವರ್ಷಗಳಿಂದ ಅಂಥದೇನನ್ನೂ ಮಾಡಿಲ್ಲವೆಂದೂ ಆ ಕಂಪನಿ ಉತ್ತರವಿತ್ತಿತು. ವೆಸ್ಟಿಂಗ್‌ಹೌಸ್ ವಿದ್ಯುತ್ ಕಂಪನಿಯು 1897ರಿಂದ 1905ರ ವರೆಗೆ ತನ್ನ ಷೇರುದಾರರಿಗೆ ವಾರ್ಷಿಕ ವರದಿಯನ್ನೇ ಕೊಡಲಿಲ್ಲ. ಹಣ ಕೊಟ್ಟವನು ಕೇಳಬಾರದು, ಹಣ ತೆಗೆದುಕೊಂಡವನು ಹೇಳಬೇಕಾದುದಿಲ್ಲ ಎಂಬ ಈ ನಡವಳಿಕೆಯಲ್ಲಿ, ಕಡಲಾಚೆಯ ಪಾಲುಗಾರನಿಗೆ ಕಬ್ಬಿಣದ ಲೆಕ್ಕ ಬರೆದ ಖಲಫನಿಗಿದ್ದ ಧರ್ಮಬುದ್ಧಿಯ ಲೇಶವೂ ಕಾಣದು.

ಈ ಮೌನವನ್ನು ಮುರಿದವರಲ್ಲಿ ಥಿಯೊಡೋರ್ ವೇಲ್ ಎಂಬ ಮಹನೀಯರ ಹೆಸರು ಸ್ಮರಣೀಯವಾದುದು. ಟೆಲಿಫೋನ್ ಕಂಪನಿಯನ್ನು ಅದರ ಶೈಶವದಲ್ಲಿ ನಡೆಸಿ, 1887ರಲ್ಲಿ ಬಿಟ್ಟುಹೋಗಿ, ಅರ್ಜೆಂಟೈನದಲ್ಲಿ ಉದ್ಯಮಗಳನ್ನು ಕಟ್ಟಿ, ಅರವತ್ತು ದಾಟಿದ ಮೇಲೆ, ಆರ್ಥಿಕ ಕಳವಳದ ವರ್ಷವಾದ 1907ರಲ್ಲಿ, ಅವರು ಅಮೆರಿಕನ್ ಟೆಲಿಫೋನ್ ಅಂಡ್ ಟೆಲಿಗ್ರಾಫ್ ಕಂಪನಿಯ ಅಧ್ಯಕ್ಷರಾಗಿ ಹಿಂದಿರುಗಿದಾಗ ಆ ಕಂಪನಿಯೆಂದರೆ ಜನಕ್ಕೆ ಅಸಹನೆಯಿತ್ತು. ಮೂಲ ಪೇಟೆಂಟುಗಳ ಅವಧಿ ತೀರಿದ ಮೇಲೆ ಊರೂರಿನಲ್ಲಿ ಪ್ರತಿಸ್ಪರ್ಧಿ ಕಂಪನಿಗಳು ಎದ್ದಿದ್ದುವು. ಒಂದೇ ಪೇಟೆಬೀದಿಯ ಅಂಗಡಿಕಾರನು ಎರಡು ಕಂಪನಿಗಳ ಎರಡು ಟೆಲಿಫೋನು ಇಟ್ಟುಕೊಳ್ಳಬೇಕಾದ ಸ್ಥಿತಿ ಇತ್ತು. ವೇಲ್ ಮಹಾಶಯರು ಅಂಕಿಗಳ ಒಣ ತಖ್ತೆಯಾಗಿದ್ದ ವಾರ್ಷಿಕ ವರದಿಯನ್ನು ತೆಗೆದುಕೊಂಡು, ಟೆಲಿಫೋನಿನ ಪ್ರಯೋಜನವು ಅದರಿಂದ ಎಷ್ಟು ಜನರೊಡನೆ ಮಾತನಾಡಬಹುದೆಂಬುದನ್ನು ಅವಲಂಬಿಸಿರುವುದರಿಂದ ದೇಶಕ್ಕೆಲ್ಲ ಒಂದೇ ಜಾಲವಿರಬೇಕೆಂಬ ತಮ್ಮ ತತ್ತ್ವವನ್ನು ಸಾಮಾನ್ಯನಿಗೆ ತಿಳಿಯುವ ಮಾತಿನಲ್ಲಿ ವಿವರಿಸತೊಡಗಿದರು. ಏಕಸ್ವಾಮ್ಯವನ್ನು ಬಯಸುವವನು ಸರ್ಕಾರದ ನಿಷ್ಪಕ್ಷಪಾತವಾದ ನಿಯಂತ್ರಣಕ್ಕೆ ತಲೆಬಾಗಬೇಕೆಂಬ, ಆ ಕಾಲದ ಬಂಡವಾಳಗಾರರು ಬಹುಮಟ್ಟಿಗೆ ಬಾಯಿಬಿಟ್ಟು ಆಡದ ಮಾತನ್ನು ಅಲ್ಲಿಯೇ ಒಪ್ಪಿ ಬರೆದರು. ಅದರಲ್ಲಿ ಸ್ವಾರ್ಥವಿರಲಿಲ್ಲವೆಂದು ನಾನು ಹೇಳಲಾರೆ. ಆ ಬರಹಗಳು ಕಟ್ಟಲು ನೆರವಾದ ಏಕಸ್ವಾಮ್ಯವು 1984ರಲ್ಲಿ ಒಡೆಯುವ ವರೆಗೆ ಉಳಿಯಿತು. ಆದರೆ ತನ್ನ ಉದ್ದೇಶ ಇದು, ಅದಕ್ಕಾಗಿ ತಾನು ಒಪ್ಪುವ ಬಂಧನ ಇದು ಎಂದು ವರ್ಷವರ್ಷವೂ ಅಚ್ಚಿನಲ್ಲಿ ಹೇಳಿದವನನ್ನು ಆ ಮಾತಿಗೆ ಕಟ್ಟಿಹಾಕುವುದು ಜನಕ್ಕೂ ಸರ್ಕಾರಕ್ಕೂ ಸಾಧ್ಯವಾಯಿತು. ಮೌನಿಯನ್ನು ಯಾವುದಕ್ಕೆ ಕಟ್ಟಿಹಾಕುವುದು?

ಈ ಪದ್ಧತಿ ತನ್ನ ಪರಿಪಕ್ವ ರೂಪವನ್ನು ಮುಟ್ಟಿದುದು ವಾರನ್ ಬಫೆಟ್ಟರ ಕೈಯಲ್ಲಿ ಎಂಬ ಮಾತನ್ನು ಬಹುಜನ ಒಪ್ಪುವರು. 1965ರಲ್ಲಿ ಬರ್ಕ್‌ಷೈರ್ ಹ್ಯಾಥವೇ ಎಂಬ ಬಟ್ಟೆಗಿರಣಿಯ ಕಂಪನಿಯ ಆಡಳಿತ ಅವರ ಕೈಗೆ ಬಂದಿತು. ಅಂದಿನಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಅವರು ಷೇರುದಾರರಿಗೆ ವರ್ಷಕ್ಕೊಂದು ಪತ್ರ ಬರೆಯುತ್ತ ಬಂದರು. ಬರೆಯಲು ಕೂತಾಗ ತಮ್ಮ ಇಬ್ಬರು ಸಹೋದರಿಯರನ್ನು, ಬುದ್ಧಿವಂತರಾದರೂ ಲೆಕ್ಕಶಾಸ್ತ್ರದ ಪರಿಭಾಷೆ ತಿಳಿಯದವರನ್ನು, ಮನಸ್ಸಿನ ಮುಂದೆ ಕೂರಿಸಿಕೊಳ್ಳುವುದಾಗಿ ಅವರು ಹೇಳಿರುವುದುಂಟು. ಅವರ ಸಂಪತ್ತನ್ನು ಕುರಿತ ಬೆರಗಿನಲ್ಲಿ ಓದುಗರು ಈ ಪತ್ರಗಳಲ್ಲಿ ಹಣ ಮಾಡುವ ಸೂತ್ರಗಳನ್ನು ಹುಡುಕುವರು. ನನಗೆ ಅವುಗಳಲ್ಲಿ ಮಹತ್ತ್ವದ್ದೆನಿಸುವುದು 1985ರ ವರ್ಷವನ್ನು ಕುರಿತ ಪತ್ರದಲ್ಲಿ ಬರುವ ಗಿರಣಿಯ ಅಂತ್ಯದ ವೃತ್ತಾಂತ.

ಮ್ಯಾಸಚೂಸೆಟ್ಸ್ ಸಂಸ್ಥಾನದ ನ್ಯೂ ಬೆಡ್‌ಫರ್ಡಿನಲ್ಲಿದ್ದ ಆ ಗಿರಣಿಯನ್ನು, ಲಾಭ ಅತ್ಯಲ್ಪವಾಗಿದ್ದರೂ, ಏಕೆ ನಡೆಸಿಕೊಂಡು ಹೋಗುತ್ತಿರುವೆನೆಂಬುದಕ್ಕೆ 1978ರ ವರದಿಯಲ್ಲಿ ಬಫೆಟ್ಟರು ಕಾರಣಗಳನ್ನು ಕೊಟ್ಟಿದ್ದರು: ಊರಿನಲ್ಲಿ ಬಹಳ ಜನಕ್ಕೆ ಅದು ಕೆಲಸ ಕೊಟ್ಟಿದೆ, ಆಡಳಿತದವರು ಕಷ್ಟಗಳನ್ನು ಮುಚ್ಚಿಡದೆ ಹೇಳಿ ಶ್ರಮಿಸುತ್ತಿರುವರು, ಕಾರ್ಮಿಕರು ಸಹಕರಿಸುತ್ತಿರುವರು, ಹೂಡಿದ ಹಣಕ್ಕೆ ಸ್ವಲ್ಪವಾದರೂ ಪ್ರತಿಫಲ ಬರುವ ಸಂಭವವಿದೆ. ಏಳು ವರ್ಷಗಳ ಮೇಲೆ ಗಿರಣಿಯನ್ನು ಮುಚ್ಚಿದಾಗ ಅವರು ಆ ಹಳೆಯ ಮಾತುಗಳನ್ನು ತಾವಾಗಿಯೇ ಮತ್ತೆ ಅಚ್ಚುಮಾಡಿಸಿ, ನಾಲ್ಕನೆಯ ಕಾರಣದ ವಿಷಯದಲ್ಲಿ ತಮ್ಮ ಎಣಿಕೆ ಪೂರ್ತಿ ತಪ್ಪಾಯಿತೆಂದು ಒಪ್ಪಿದರು. ಒಟ್ಟು ಸುಮಾರು 130 ಲಕ್ಷ ಡಾಲರಿಗೆ ಕೊಂಡ ಯಂತ್ರಸಾಮಗ್ರಿ, ಹರಾಜಿನಲ್ಲಿ 1,63,122 ಡಾಲರಿಗೆ ಹೋಯಿತು. 1981ರಲ್ಲಿ ಒಂದೊಂದಕ್ಕೆ ಸುಮಾರು 5,000 ಡಾಲರು ಕೊಟ್ಟು ತಂದ ಮಗ್ಗಗಳನ್ನು 50 ಡಾಲರಿಗೂ ಕೇಳುವವರಿಲ್ಲದೆ, ಕೊನೆಗೆ ಗುಜರಿಗೆ ತಲಾ 26 ಡಾಲರಿನಂತೆ ಕೊಡಬೇಕಾಯಿತು. ಅವನ್ನು ಕಿತ್ತು ಸಾಗಿಸುವ ವೆಚ್ಚವೇ ಅದಕ್ಕಿಂತ ಹೆಚ್ಚಾಗಿತ್ತು. ಕಾನೂನು ಈ 26 ಡಾಲರಿನ ಸುದ್ದಿಯನ್ನು ಕೇಳಿರಲಿಲ್ಲ. ಬೇರೆ ಉದ್ಯಮಗಳಲ್ಲಿ ಕಂಪನಿ ಆ ಹೊತ್ತಿಗೆ ಎಷ್ಟು ಬೆಳೆದಿತ್ತೆಂದರೆ ಗಿರಣಿಯ ನಷ್ಟವನ್ನು ಒಂದು ಸಾಲಿನಲ್ಲಿ ಹುದುಗಿಸಿ ಮುಂದೆ ಸಾಗಬಹುದಾಗಿತ್ತು. ಆದರೆ ಪ್ರತಿ ವರ್ಷ ಬರೆಯುವವನಿಗೆ ಹಿಂದಿನ ವರ್ಷದ ತನ್ನ ಬರಹವೇ ಎದುರು ಸಾಕ್ಷಿಯಾಗಿ ನಿಲ್ಲುವುದು. ಆ ಸಾಕ್ಷಿಯನ್ನು ಅಡಗಿಸದೆ ತಾನೇ ಕಟಕಟೆಗೆ ಕರೆತಂದುದರಲ್ಲಿ ಆ ಬರಹಗಾರನ ನಿಜವಾದ ಸತ್ತ್ವ ತಿಳಿಯುತ್ತದೆ. ಕ್ರಮತಪ್ಪದೆ ಬರೆಯುವುದರ ಪ್ರಯೋಜನ ಓದುವವನಿಗೆ ಎಷ್ಟೋ ಅದಕ್ಕಿಂತ ಹೆಚ್ಚಾಗಿ ಬರೆಯುವವನಿಗೇ ಉಂಟೆಂದು ಈ ಪುಟಗಳನ್ನು ಓದುವಾಗ ನನಗೆ ತೋರಿತು. ಕಾರಣವನ್ನು ವಾಕ್ಯವಾಗಿ ಬರೆದಿಡದವನಿಗೆ ತನ್ನ ಯಾವ ಕಾರಣ ಸುಳ್ಳಾಯಿತೆಂಬುದೇ ತಿಳಿಯದೆ ಹೋಗುವುದು.

ನಮ್ಮ ನಾಡಿಗೆ ಬಂದರೆ, ಶಿಡ್ಲಘಟ್ಟದ ನಾರಾಯಣ ಮೂರ್ತಿಯವರೂ ಅವರ ಸಂಗಡಿಗರೂ 1981ರಲ್ಲಿ ಪುಣೆಯಲ್ಲಿ ಆರಂಭಿಸಿ, 1983ರಲ್ಲಿ ಬೆಂಗಳೂರಿಗೆ ತಂದ ಇನ್ಫೋಸಿಸ್ ಕಂಪನಿಯು, 1993ರಲ್ಲಿ ಷೇರುಪೇಟೆಗೆ ಬಂದ ಮೇಲೆ ಹೊರತಂದ ವಾರ್ಷಿಕ ವರದಿಗಳು ಭಾರತದ ಕಂಪನಿಗಳ ಬರಹಕ್ಕೆ ಹೊಸ ಮಾದರಿಯನ್ನು ಹಾಕಿಕೊಟ್ಟುವು. ಷೇರುಪೇಟೆಯಲ್ಲಿ ಹೂಡಿದ ಕಂಪನಿಯ ಹಣಕ್ಕೆ ನಷ್ಟವಾದಾಗ, ಅದನ್ನು ಬಿಡಿಸಿ ಹೇಳಬೇಕೆಂಬ ಕಡ್ಡಾಯ ಅಂದಿಲ್ಲದಿದ್ದರೂ, ಅವರು ಅದನ್ನು ಷೇರುದಾರರಿಗೆ ಹೇಳಿಯೇ ತೀರಿದರು. ಹೇಳಬೇಕೋ ಬೇಡವೋ ಎಂಬ ಸಂದೇಹ ಬಂದಾಗ ಹೇಳಿಬಿಡುವುದೇ ಮೇಲೆಂಬುದು ಆ ಮನೆಯ ನಿಯಮವಾಯಿತು. 1999ರ ಮಾರ್ಚಿನಲ್ಲಿ ಭಾರತದಲ್ಲಿ ನೋಂದಣಿಯಾದ ಕಂಪನಿಯೊಂದು ಮೊದಲ ಸಲ ಅಮೆರಿಕದ ನ್ಯಾಸ್ಡಾಕ್ ಪೇಟೆಯನ್ನು ಪ್ರವೇಶಿಸಿದಾಗ, ಅದಕ್ಕೆ ಬೇಕಾದ ವಿಶ್ವಾಸದ ಬಹುಭಾಗವನ್ನು ಈ ಬರಹದ ಶಿಸ್ತು ಗಳಿಸಿಕೊಟ್ಟಿತ್ತೆಂದು ನಾನು ನಂಬಿರುವೆನು.

ಆದರೆ ವರ್ಷವರ್ಷವೂ ಬರೆದ ಮಾತ್ರಕ್ಕೆ ಸತ್ಯ ತಾನಾಗಿ ಬರುವುದೆಂದು ಭಾವಿಸುವಂತಿಲ್ಲ. ಹೈದರಾಬಾದಿನ ಸತ್ಯಂ ಕಂಪನಿಯ ವರದಿಗಳೂ ಕಾಲಕಾಲಕ್ಕೆ ಹೊರಬರುತ್ತಿದ್ದುವು, ಅಂದವಾಗಿ ಅಚ್ಚಾಗುತ್ತಿದ್ದುವು. ಉತ್ತಮ ಆಡಳಿತಕ್ಕಾಗಿ 2008ರಲ್ಲಿ ಅದಕ್ಕೆ ಒಂದು ಪಾರಿತೋಷಕವೂ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರಾದ ರಾಮಲಿಂಗ ರಾಜು ಅವರು ನಿರ್ದೇಶಕ ಮಂಡಳಿಗೆ ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಅಷ್ಟು ವರ್ಷಗಳ ವರದಿಗಳೆಲ್ಲ ಪ್ರಶಸ್ತಿಯ ಜಾತಿಗೆ ಸೇರಿದುವು. ಪತ್ರವೆನ್ನಬಹುದಾದುದು ಆ ಕೊನೆಯದೊಂದೇ. ಮೊದಲ ವರ್ಷದ ಚಿಕ್ಕ ಕೊರತೆಯನ್ನು ಮೊದಲ ವರ್ಷವೇ ಬರೆದಿದ್ದರೆ ಷೇರಿನ ಬೆಲೆ ಒಂದಿಷ್ಟು ಇಳಿಯುತ್ತಿತ್ತು. ಅದನ್ನು ಮರೆಮಾಡಿದುದರಿಂದ ಮುಂದಿನ ವರ್ಷ ಇನ್ನಷ್ಟನ್ನು ಮರೆಮಾಡಬೇಕಾಯಿತು, ಸಾವಿರಾರು ನೌಕರರ ಬದುಕು ಕೆಲವು ತಿಂಗಳು ತೂಗುಯ್ಯಾಲೆಯಲ್ಲಿ ನಿಂತಿತು. ಇಂದು ನಮ್ಮ ಕೈಗೆ ಬರುವ ಕಂಪನಿ ಬರಹಗಳಲ್ಲಿ ಬಹುಪಾಲು, ಬಾಡಿಗೆಯ ಲೇಖಕರು ಹೆಣೆದ ಬಿರುದಾವಳಿಗಳೇ ಆಗಿರುವುದನ್ನು ಕಂಡಾಗ ನನಗೆ ನಿಜವಾಗಿ ವ್ಯಸನವಾಗುತ್ತದೆ. ಹೊಸ ಕಚೇರಿ, ಹೊಸ ಗುತ್ತಿಗೆ, ಹೊಸ ಪಾರಿತೋಷಕ. ನಿಂತುಹೋದ ಕೆಲಸವೂ ಬಿಟ್ಟುಹೋದ ಗಿರಾಕಿಯೂ ಅವುಗಳಲ್ಲಿ ಇರುವುದಿಲ್ಲ. ಯಜಮಾನನೇ ಬರೆಯಬೇಕೆಂದು ನಾನು ಹಟ ಹಿಡಿಯುವುದು ಇದರಿಂದಲೇ. ಬಾಡಿಗೆಯ ಲೇಖಕನಿಗೆ ನಷ್ಟವನ್ನು ಒಪ್ಪುವ ಅಧಿಕಾರವಿಲ್ಲ. ಆ ಅಧಿಕಾರವಿರುವ ಕೈಯೇ ಲೇಖನಿ ಹಿಡಿಯಬೇಕು.

ಮೇಲೆ ಹೇಳಿದ ಕಂಪನಿ ಬರಹವೆಲ್ಲ ಇಂಗ್ಲಿಷಿನಲ್ಲಿರುವುದು. ಕನ್ನಡದಲ್ಲಿ ಈ ಪದ್ಧತಿ ಬದುಕಿರುವುದು ಸಹಕಾರ ಸಂಘಗಳಲ್ಲಿ. 1904ರ ಕಾಯಿದೆಯ ಮರುವರ್ಷ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಂಘವನ್ನು ಕಟ್ಟಿದಂದಿನಿಂದ, ಊರೂರಿನ ಸಂಘಗಳು ವರ್ಷಕ್ಕೊಮ್ಮೆ ಮಹಾಸಭೆ ಕರೆದು, ಆಡಳಿತ ಮಂಡಳಿಯ ವರದಿ, ಜಮಾಖರ್ಚು, ಲಾಭನಷ್ಟದ ತಖ್ತೆ, ಮುಂದಿನ ವರ್ಷದ ಅಂದಾಜುಗಳನ್ನು ಸದಸ್ಯರ ಮುಂದೆ ಕನ್ನಡದಲ್ಲಿ ಇಡುತ್ತ ಬಂದಿವೆ. 1970ರ ಸುಮಾರಿಗೆ ಅಡಕೆಯ ಬೆಲೆ ಕುಸಿದು ತೋಟಗಾರರು ದಿಕ್ಕುಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಇದೇ ಸಹಕಾರದ ಹಾದಿಯಲ್ಲಿ ನಡೆದು, ಅಡಕೆಯನ್ನೂ ಕೊಕ್ಕೊವನ್ನೂ ಮೆಣಸನ್ನೂ ಕೊಳ್ಳುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಅಡಕೆ ಬೆಳೆಗಾರರ ನಡುವಿನಿಂದಲೇ 1988ರಲ್ಲಿ ಪುತ್ತೂರಿನಲ್ಲಿ ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಹೊರಟ ಅಡಿಕೆ ಪತ್ರಿಕೆಯು, ಕೃಷಿಕರ ಅನುಭವವನ್ನು ಕೃಷಿಕರೇ ಬರೆಯಬೇಕೆಂಬ ನಿಯಮವನ್ನು ಹಿಡಿದು, ಬೆಳೆಯುವ ಕೈಗೂ ಬರೆಯುವ ಕೈಗೂ ಬೇರ್ಪಾಟಿಲ್ಲವೆಂಬುದನ್ನು ತೋರಿಸಿಕೊಟ್ಟಿತು.

ಹಳ್ಳಿಯ ಸಂಘದ ವಾರ್ಷಿಕ ವರದಿಯನ್ನು ಯಾರಾದರೂ ಎದುರಿಗಿಟ್ಟುಕೊಂಡು ನೋಡಬಹುದು. ತೆಳ್ಳನೆಯ ಕಾಗದ, ಹತ್ತಾರು ಪುಟ, ಮೊದಲ ಪುಟದಲ್ಲಿ ಸಭೆಯ ತಾರೀಖು ಮತ್ತು ಸ್ಥಳ, ಮುಂದೆ ಸದಸ್ಯತ್ವ, ಪಾಲು ಬಂಡವಾಳ, ಠೇವಣಿ, ಸಾಲ. ಕಡೆಯ ಪುಟಗಳಲ್ಲಿ ಲೆಕ್ಕಪರಿಶೋಧಕರ ಮಾತು. ನಡುವೆ ಎಲ್ಲಿಯೋ ಸುಸ್ತಿ ಸಾಲದ ಸಾಲು ಬಂದೇ ಬರುವುದು, ಅದನ್ನು ಬಿಡುವಂತಿಲ್ಲ. ಕಲ್ಲಿನ ಪ್ರಶಸ್ತಿಗೆ ಇಲ್ಲದ, ಬಣ್ಣದ ಕಂಪನಿ ವರದಿಗಳಲ್ಲಿ ಹುಡುಕಿದರೂ ಸಿಗದ ಈ ಒಂದು ಸಾಲು ಹಳ್ಳಿಯ ವರದಿಯಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಇರುವುದು ನಮ್ಮ ಭಾಗ್ಯ. ಕೊರತೆಯೆಂದರೆ, ಸುತ್ತಲಿನ ವಾಕ್ಯಗಳು ಬಹುವೇಳೆ ಹೋದ ವರ್ಷದವೇ ಆಗಿರುತ್ತವೆ. ಅಂಕಿ ಬದಲಾಗುವುದು, ಮಾತು ಬದಲಾಗುವುದಿಲ್ಲ. ಮಳೆ ಕೈಕೊಟ್ಟಿತೋ, ಕೊಳೆರೋಗ ಬಂದಿತೋ, ಸಾಲ ಕೊಡುವಾಗಲೇ ಎಚ್ಚರ ತಪ್ಪಿತೋ, ವಸೂಲಿಗೆ ಹೋದವರು ದಾಕ್ಷಿಣ್ಯಕ್ಕೆ ಬಿದ್ದರೋ ಎಂಬುದು ಊರಿಗೆಲ್ಲ ಗೊತ್ತು, ವರದಿಗೆ ಮಾತ್ರ ಗೊತ್ತಿಲ್ಲ. ಅಧ್ಯಕ್ಷರು ಕಾರ್ಯದರ್ಶಿಯ ಕೈಗೆ ಹಳೆಯ ಪ್ರತಿಯನ್ನು ಕೊಟ್ಟು ಅಂಕಿಗಳನ್ನು ತಿದ್ದಿಸುವುದನ್ನು ಬಿಟ್ಟು, ಆ ಸಾಲಿನ ಕೆಳಗೆ ತಮ್ಮ ಕೈಯಿಂದಲೇ ಹತ್ತು ವಾಕ್ಯ ಬರೆದು, ಬರುವ ವರ್ಷ ಅವನ್ನೇ ಮೊದಲು ಸಭೆಗೆ ಓದಿ ಹೇಳಿ, ಆಮೇಲೆ ಹೊಸ ಹತ್ತು ವಾಕ್ಯಗಳನ್ನು ಓದುವ ಪರಿಪಾಠವನ್ನು ಹಾಕಿಕೊಳ್ಳಬೇಕು. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ, ಹೆಚ್ಚಿನ ಅಚ್ಚಿನ ವೆಚ್ಚವೂ ಇಲ್ಲ. ಬರುವ ಮಹಾಸಭೆಯಿಂದಲೇ ಆರಂಭಿಸಬಹುದು.